ಹದಿನೆಂಟು ಡಿಗ್ರಿಯಲ್ಲಿ ಹಕ್ಕಿ ಗಣತಿ

ದೋಣಿ ಮುಳುಗಬಹುದಿತ್ತು. ಮುಳುಗದಿದ್ದರೂ ನಾನೊಬ್ಬನೇ ಜಾರಿ ನೀರಿಗೆ ಬೀಳಬಹುದಿತ್ತು. ಕಾಲುವೆಯ ಆಳ ಎದೆಮಟ್ಟ ಎಂದು ಮೊದಲೇ ವಿಚಾರಿಸಿಕೊಂಡಿದ್ದೆ, ಯಾರ ಎದೆ ಎಂದು ಕೇಳಲು ಮರೆತಿದ್ದೆ. ಕಾಲುವೆ ರಾತ್ರೋರಾತ್ರಿ ಹೆಪ್ಪುಗಟ್ಟಿ ದೋಣಿ ಹೊರಡದೇ ಇರಬಹುದಿತ್ತು, ಅಥವಾ ಹೊರಟು ನಡುವೆ ಹೆಪ್ಪುಗಟ್ಟಬಹುದಿತ್ತು. ದೋಣಿಯಲ್ಲಿ ಟಾಯ್ಲೆಟ್ ಇಲ್ಲದಿರಬಹುದಿತ್ತು. ಇದ್ದರೆ ಅದರ ಚಿಲಕ ಒಳಗಿನಿಂದ ಸಿಕ್ಕಿಕೊಳ್ಳಬಹುದಿತ್ತು. ನನ್ನ ಇಂಗ್ಲಿಷ್ ಅವರಿಗೆ, ಅವರ ಇಂಗ್ಲಿಷ್ ನನಗೆ ಅರ್ಥವಾಗದೇ ಹೋಗಬಹುದಿತ್ತು. ಸಹೋದ್ಯೋಗಿ ತರುವ ಬುತ್ತಿಯ ಚಟ್ನಿಪುಡಿಯ ಘಾಟಿಗೆ ಹಕ್ಕಿಗಳೆಲ್ಲ ಹಾರಿಹೋಗಬಹುದಿತ್ತು. ಯಾವ ಹಕ್ಕಿಯೂ ಬಾರದೇ ಇರಬಹುದಿತ್ತು, ಆಗ ಸೊನ್ನೆ ಹಕ್ಕಿ ಎಣಿಸಿದ ಸಾಫ್ಟ್‌ವೇರ್ ಸರಿಯೋ ತಪ್ಪೋ ಎಂದು ಯಾರು ಹೇಳಬೇಕು? ಯಂತ್ರ ನೀರಿಗೆ ಬೀಳಬಹುದಿತ್ತು. ಚಳಿಗೆ ಕೆಡಬಹುದಿತ್ತು. ಈ ವರ್ಷವನ್ನು ಸಾವಿರದ ಒಂಬೈನೂರನೇ ಇಸವಿ ಎಂದು ತಿಳಿದುಕೊಳ್ಳಬಹುದಿತ್ತು.

ಇವೆಲ್ಲ ನನ್ನ ಸ್ಪ್ರೆಡ್‌ಶೀಟಿನಲ್ಲಿ ಇಪ್ಪತ್ತಾರು ಸಾಲುಗಳಾಗಿ ಕುಳಿತಿದ್ದವು. ಪ್ರತಿ ಸಾಲಿಗೂ ಸಂಭವನೀಯತೆ, ಪರಿಣಾಮ, ಪರಿಹಾರ ಎಂದು ಮೂರು ಕಾಲಂ, ಅಪಾಯದ ಮಟ್ಟ ತೋರಿಸಲು ಮೇಲೊಂದು ಬಣ್ಣ. ಎರಡು ಸಾವಿರನೇ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ತಾರೀಖು ತಪ್ಪುತ್ತವೆ ಎಂಬ ವೈಟೂಕೆ ಗಲಾಟೆ ಮುಗಿದು ಇನ್ನೂ ತಿಂಗಳಾಗಿರಲಿಲ್ಲ. ಅದಕ್ಕೆ ಮುಂಚಿನ ಎರಡು ವರ್ಷ ನನಗೆ ಸಂಬಳ ಬಂದದ್ದೇ ಚಿಂತೆ ಮಾಡುವುದಕ್ಕೆ. ಸಂಬಳವಿಲ್ಲದೆಯೂ ನಾನು ಅದನ್ನು ಮಾಡುತ್ತಿದ್ದೆ ಎಂಬುದು ಕಂಪನಿಗೆ ಗೊತ್ತಿರಲಿಲ್ಲ.

ಜನವರಿಯಲ್ಲಿ ನಮ್ಮ ಹೋಬೋಕನ್ ಕಂಪನಿಯ ಕೈಯಲ್ಲಿ ಉಳಿದಿದ್ದ ಪ್ರಾಜೆಕ್ಟ್‌ಗಳಲ್ಲಿ ನನಗೆ ಸಿಕ್ಕಿದ್ದು ಒಂದು ಪಕ್ಷಿವೀಕ್ಷಕರ ಸಂಘದ್ದು. ನ್ಯೂಜೆರ್ಸಿಯ ನಡುವೆ ರಾರಿಟನ್ ನದಿಯ ಪಕ್ಕ ಹರಿಯುವ ಹಳೆಯ ಕಾಲುವೆಯಲ್ಲಿ ಅವರು ಪ್ರತಿ ಚಳಿಗಾಲ ದೋಣಿಯಲ್ಲಿ ಹೋಗಿ ಹಕ್ಕಿ, ಪ್ರಾಣಿ ಎಣಿಸುತ್ತಾರೆ. ಕಾಗದದ ಬದಲು ಅಂಗೈಯಗಲದ ಕಂಪ್ಯೂಟರಿನಲ್ಲಿ ಎಣಿಸುವ ಹಾಗೆ ಸಾಫ್ಟ್‌ವೇರ್ ಬರೆದುಕೊಡಬೇಕಿತ್ತು. ಬರೆದೆವು. ಕೊನೆಯ ಪರೀಕ್ಷೆಯಾಗಿ ಸಂಘದ ಅಧ್ಯಕ್ಷರ ಜೊತೆ ಒಂದು ಪೂರ್ತಿ ಗಣತಿ. ಅವರ ನೋಟ್‌ಬುಕ್ಕಿನ ಲೆಕ್ಕಕ್ಕೂ ನಮ್ಮ ಯಂತ್ರದ ಲೆಕ್ಕಕ್ಕೂ ತಾಳೆಯಾದರೆ ಅಂದೇ ಸಹಿ.

ಬಾಸ್ ಮೃದುವಾಗಿಯೇ ಹೇಳಿದ್ದರು. ಸಹಿ ಇಲ್ಲದಿದ್ದರೆ ಪ್ರಾಜೆಕ್ಟ್ ಇಲ್ಲ. ಪ್ರಾಜೆಕ್ಟ್ ಇಲ್ಲದಿದ್ದರೆ ನನ್ನ ಗ್ರೀನ್ ಕಾರ್ಡಿನ ಅರ್ಜಿಯನ್ನು ಮುಂದೆ ತಳ್ಳಲು ಅವರ ಬಳಿ ಕಾರಣವಿಲ್ಲ. ನನ್ನ ಎಚ್-ಒನ್ ವೀಸಾದ ಆರು ವರ್ಷದಲ್ಲಿ ಎಂಟು ತಿಂಗಳು ಉಳಿದಿತ್ತು. ಬೇರೆ ಕಂಪನಿಗೆ ಹೋದರೆ ಅರ್ಜಿ ಮತ್ತೆ ಸೊನ್ನೆಯಿಂದ ಶುರು, ಅಷ್ಟರಲ್ಲಿ ಎಂಟು ತಿಂಗಳು ಮುಗಿದು ಓಲ್ಡ್ ಬ್ರಿಡ್ಜ್ ಊರಿನ ನಮ್ಮ ಮನೆಯ ಸಾಮಾನು ಕಟ್ಟಬೇಕು. ಇದನ್ನು ನಾನು ಸ್ಪ್ರೆಡ್‌ಶೀಟಿನಲ್ಲಿ ಹಾಕಿರಲಿಲ್ಲ. ಅದಕ್ಕೆ ಬೇಕಾದ ಬಣ್ಣ ಅದರಲ್ಲಿ ಇರಲಿಲ್ಲ.

ಚಳಿಯ ಸಾಲಿಗೆ ಮಾತ್ರ ಹಸಿರು ಬಣ್ಣ ಬಂದಿತ್ತು. ಒಂದು ಶನಿವಾರ ಆಫೀಸಿಗೆ ಹೊರಡುವ ಮುಂಚೆ ಗಣತಿಗೆಂದು ತಂದಿದ್ದ ಎರಡೂ ಯಂತ್ರಗಳನ್ನು ಆನ್ ಮಾಡಿ ನಮ್ಮ ಫ್ರೀಜರಿನಲ್ಲಿ ತೆಂಗಿನತುರಿಯ ಪ್ಯಾಕೆಟ್ಟಿಗೂ ನುಗ್ಗೇಕಾಯಿಯ ಪ್ಯಾಕೆಟ್ಟಿಗೂ ನಡುವೆ ಇಟ್ಟಿದ್ದೆ. ಗಂಟೆಗೊಮ್ಮೆ ತೆಗೆದು ನೋಡಿ ಬರೆದಿಡಲು ಹೆಂಡತಿಗೆ ಒಂದು ಫಾರಂ ಕೊಟ್ಟಿದ್ದೆ. ಸಂಜೆ ಬಂದು ನೋಡಿದರೆ ಅವಳ ದುಂಡು ಅಕ್ಷರದಲ್ಲಿ ನಾಲ್ಕು ಸಲ ‘ಓಕೆ’. ‘ಫ್ರೀಜರಿನಲ್ಲಿ ನಿರಂತರ ನಾಲ್ಕು ಗಂಟೆ, ಯಶಸ್ವಿ’ ಎಂದು ವರದಿ ಬರೆದು, ಕೆಳಗೆ ಸಹಿ ಹಾಕಿ ಅಧ್ಯಕ್ಷರಿಗೆ ಕಳಿಸಿದೆ.

ಗಣತಿಯ ದಿನ ಬೆಳಿಗ್ಗೆ ಹದಿನೆಂಟು ಡಿಗ್ರಿ, ಫ್ಯಾರನ್‌ಹೀಟ್. ನಮ್ಮೂರ ಲೆಕ್ಕದಲ್ಲಿ ಸೊನ್ನೆಗಿಂತ ಎಂಟು ಡಿಗ್ರಿ ಕೆಳಗೆ. ಎರಡು ಸ್ವೆಟರ್, ಮೇಲೊಂದು ಜಾಕೆಟ್, ತಲೆಗೆ ಮಂಕಿ ಕ್ಯಾಪ್ ಹಾಕಿಕೊಂಡು, ಹೋಬೋಕನ್‌ನಿಂದ ಟ್ರೇನಿನಲ್ಲಿ ಬಂದ ಸಹೋದ್ಯೋಗಿಯನ್ನು ಸ್ಟೇಷನ್ನಿನಲ್ಲಿ ಹತ್ತಿಸಿಕೊಂಡು ಕಾಲುವೆಗೆ ಡ್ರೈವ್ ಮಾಡಿದೆ. ಆಕೆ ಧಾರವಾಡದವರು, ನಮ್ಮ ಡೇಟಾಬೇಸ್ ಬರೆದವರು. ನನ್ನ ಇಪ್ಪತ್ತಾರು ಸಾಲಿನ ಪ್ರಿಂಟ್ ಓದಿ ಮಡಚಿ ವಾಪಸು ಕೊಟ್ಟರು.

“ಸರ, ಇದರಾಗ ಒಂದ್ ಬಿಟ್ಟೀರಿ ನೋಡ್ರಿ.”

“ಯಾವುದು?”

“ಎಲ್ಲಾ ಚಲೋ ಆಗಿಬಿಟ್ರ ಏನ್ ಮಾಡೂದು ಅಂತ ಬರದಿಲ್ಲ.”

ದೋಣಿ ನಾನಂದುಕೊಂಡಂತೆ ದೋಣಿಯಾಗಿರಲಿಲ್ಲ. ಮೂವತ್ತಾರು ಅಡಿ ಉದ್ದ, ಆರೂವರೆ ಅಡಿ ಅಗಲ, ರೈಲಿನ ಒಂದು ಬೋಗಿಯನ್ನು ಎರಡೂ ಬದಿಯಿಂದ ಒತ್ತಿ ನೀರಿನ ಮೇಲಿಟ್ಟ ಹಾಗೆ. ಅದರ ಯಜಮಾನಿಗೆ ಎಪ್ಪತ್ತರ ಹತ್ತಿರ ವಯಸ್ಸು. ಇಂಗ್ಲೆಂಡಿನ ಕಾಲುವೆಗಳಲ್ಲಿ ಇಂಥದರಲ್ಲಿ ಓಡಾಡಿ ಬಂದು ಇಲ್ಲಿ ತಾವೇ ಒಂದನ್ನು ಕಟ್ಟಿಸಿಕೊಂಡವರು. ಸದ್ದಿಲ್ಲದ ಎಲೆಕ್ಟ್ರಿಕ್ ಮೋಟಾರು. ಒಳಗಿನ ಕೋಣೆಯಲ್ಲಿ ಸೌದೆ ಉರಿಯುವ ಪುಟ್ಟ ಕಬ್ಬಿಣದ ಒಲೆ. ಅವರು ಹಿಂದಿನ ತುದಿಯಲ್ಲಿ ಚುಕ್ಕಾಣಿ ಹಿಡಿದು ನಿಂತರೆ ಮುಂದಿನ ತುದಿಯಲ್ಲಿದ್ದವರಿಗೆ ಅವರ ಮಾತು ಕೇಳುತ್ತಿರಲಿಲ್ಲ.

ಮುಂದಿನ ತುದಿಯಲ್ಲಿ ನಾವು ಮೂವರು. ಅಧ್ಯಕ್ಷರು ನಿವೃತ್ತ ಕೆಮಿಸ್ಟ್ರಿ ಮೇಷ್ಟರು, ನಲವತ್ತು ವರ್ಷದಿಂದ ಹಕ್ಕಿ ನೋಡುತ್ತಿರುವವರು. ಕುತ್ತಿಗೆಗೆ ಬೈನಾಕ್ಯುಲರ್, ಕೈಯಲ್ಲಿ ನೋಟ್‌ಬುಕ್ಕು. ಕೈಕುಲುಕುತ್ತಲೇ, “ನಿಮ್ಮ ಫ್ರೀಜರ್ ವರದಿ ಓದಿದೆ. ಬಹಳ ಅಚ್ಚುಕಟ್ಟು,” ಎಂದರು. ನಾನು ಬೀಗಿದೆ.

ಪದ್ಧತಿ ಸರಳ. ಅಧ್ಯಕ್ಷರು ಹಕ್ಕಿಯ ಹೆಸರು, ಸಂಖ್ಯೆ, ಅದು ಏನು ಮಾಡುತ್ತಿದೆ ಎಂಬುದನ್ನು ಪಿಸುಗುಟ್ಟಿ ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ನಾನು ಪ್ಲಾಸ್ಟಿಕ್ ಕಡ್ಡಿಯಿಂದ ಯಂತ್ರದ ಮೇಲೆ ಒತ್ತುತ್ತೇನೆ. ಸಹೋದ್ಯೋಗಿ ಇನ್ನೊಂದು ಯಂತ್ರದಲ್ಲಿ ಅದನ್ನೇ ನಕಲು ಮಾಡುತ್ತಾರೆ.

ಹೊರಟೆವು. ಅಂಚಿನ ತೆಳು ಮಂಜುಗಡ್ಡೆ ದೋಣಿಯ ಮೂತಿಗೆ ಸಿಕ್ಕಿ ಹಪ್ಪಳದಂತೆ ಮುರಿಯುತ್ತಿತ್ತು. ದಂಡೆಯ ಮೇಲೆ ನಾಯಿ ಕಟ್ಟಿಕೊಂಡು ವಾಕಿಂಗ್ ಹೊರಟಿದ್ದ ಒಬ್ಬಾಕೆ ನಮ್ಮನ್ನು ಹಿಂದಿಕ್ಕಿ ಮುಂದೆ ಹೋದರು. ನಾಯಿ ಎರಡು ಸಲ ತಿರುಗಿ ನೋಡಿತು. ಹಸಿರು ತಲೆಯ ಬಾತುಕೋಳಿ ಹದಿನಾಲ್ಕು. ಒಣಗಿದ ಪೊದೆಯಲ್ಲಿ ಕುಂಕುಮದ ಬಣ್ಣದ ಕಾರ್ಡಿನಲ್ ಎರಡು. ತಂತಿಯ ಮೇಲೆ ಮಿಂಚುಳ್ಳಿ ಒಂದು. ನೀರಿನಲ್ಲಿ ಬಾಲ ಬಿಟ್ಟುಕೊಂಡು ಈಜಿಹೋದ ಇಲಿಯಂಥದೊಂದು. “ಮಸ್ಕ್‌ರ್‍ಯಾಟ್,” ಎಂದರು ಅಧ್ಯಕ್ಷರು. ನಲವತ್ತು ನಿಮಿಷ ಎಲ್ಲವೂ ಎಷ್ಟು ಸರಿಯಾಗಿತ್ತೆಂದರೆ ನಾನು ಇಪ್ಪತ್ತಾರು ಸಾಲಿನ ಪ್ರಿಂಟ್ ತೆಗೆದು ಯಾವ ಸಾಲು ಬಾಕಿ ಎಂದು ನೋಡಿಕೊಂಡೆ.

ಮೊದಲು ಅಕ್ಷರಗಳು ನಿಧಾನವಾದವು. ಒತ್ತಿದ ಅಂಕಿ ಎರಡು ಸೆಕೆಂಡ್ ತಡೆದು ಮೂಡುತ್ತಿತ್ತು. ಆಮೇಲೆ ಸ್ಕ್ರೀನ್ ಬೂದಿ ಬಣ್ಣಕ್ಕೆ ತಿರುಗಿತು. ಆಮೇಲೆ ಏನೂ ಇಲ್ಲ. ಪಕ್ಕಕ್ಕೆ ನೋಡಿದೆ.

“ನಂದೂ ಮಾರಿ ಕಪ್ಪ ಮಾಡ್ಕೊಂಡತ್ರಿ ಸರ,” ಎಂದರು ಸಹೋದ್ಯೋಗಿ.

ಅಂದಿನ ಆ ಯಂತ್ರಗಳಲ್ಲಿ ಬರೆದದ್ದೆಲ್ಲ ಬ್ಯಾಟರಿಯ ಜೀವದ ಮೇಲೆ ನಿಂತಿರುತ್ತಿತ್ತು. ಬ್ಯಾಟರಿ ಪೂರ್ತಿ ಸತ್ತರೆ ಒಳಗಿನ ಲೆಕ್ಕವೂ ಸತ್ತ ಹಾಗೆ. ಬದಲಿ ಬ್ಯಾಟರಿಗಳು ನನ್ನ ಚೀಲದಲ್ಲಿದ್ದವು. ಚೀಲ ಬೆಳಿಗ್ಗೆಯಿಂದ ನನ್ನ ಕಾಲಬಳಿ, ಅದೇ ಹದಿನೆಂಟು ಡಿಗ್ರಿಯಲ್ಲಿತ್ತು.

“ಬ್ಯಾಟರಿ ಸತ್ತಿಲ್ಲ, ಮರಗಟ್ಟಿರಬೇಕು ಅಷ್ಟೆ,” ಎಂದೆ, ಅವರಿಗಿಂತ ಹೆಚ್ಚಾಗಿ ನನಗೆ.

“ಹಂಗಾದ್ರ ಒಲಿ ಮುಂದ ಹಿಡೀರಿ ಸರ. ಹೋಗ್ರಿ ಹೋಗ್ರಿ. ನಾ ಇಲ್ಲಿ ನೋಡ್ಕೊಂತೀನಿ.”

ಎರಡನ್ನೂ ಎದೆಗವಚಿಕೊಂಡು ಬಗ್ಗಿ ಒಳಗೆ ಓಡಿದೆ. ಅಷ್ಟರಲ್ಲೇ ಹೊರಗೆ ನೂರು ಹಳೆಯ ಲಾರಿಗಳು ಒಟ್ಟಿಗೆ ಹಾರ್ನ್ ಹೊಡೆದಂತೆ ಸದ್ದು. ಕೆನಡಾ ಹೆಬ್ಬಾತುಗಳ ದೊಡ್ಡ ಹಿಂಡೊಂದು ಪಕ್ಕದ ಬಯಲಿಗೆ ಇಳಿಯುತ್ತಿತ್ತು. ಬಾಗಿಲ ಸಂದಿಯಿಂದ ನೋಡಿದೆ. ಸಹೋದ್ಯೋಗಿ ಕೈಯನ್ನು ಮೊರದಂತೆ ಮುಂದೆ ಹಿಡಿದು, ಹಿಂಡನ್ನು ತುಂಡು ತುಂಡಾಗಿ ಅಳೆದು ಬದಿಗೆ ಸುರಿಯುವವರ ಹಾಗೆ ಆಡಿಸುತ್ತ ಎಣಿಸುತ್ತಿದ್ದರು. “ಲಾಭ... ಎರಡ... ಮೂರ... ನಾಕ...”

ಅವರ ತಂದೆ ಧಾರವಾಡದ ಕಾಳಿನ ಮಾರುಕಟ್ಟೆಯಲ್ಲಿ ಅಳೆಯುವ ಕೆಲಸ ಮಾಡುತ್ತಿದ್ದವರು. ರಾಶಿ ಅಳೆಯುವಾಗ ಮೊದಲ ಅಳತೆಗೆ ಒಂದು ಎನ್ನದೆ ಲಾಭ ಎನ್ನುವುದು ನಮ್ಮ ಕಡೆಯೂ ಉಂಟು. ಇಲ್ಲಿ ಆಕೆಯ ಒಂದು ಅಳತೆಗೆ ಹತ್ತು ಹೆಬ್ಬಾತು.

“ಮೂವತ್ತೊಂದ್ ಅಳತಿ, ಮ್ಯಾಲ ನಾಕ್,” ಎಂದು ನನ್ನತ್ತ ಕೂಗಿ, ಅಧ್ಯಕ್ಷರಿಗೆ ಇಂಗ್ಲಿಷಿನಲ್ಲಿ, “ಮುನ್ನೂರ ಹದಿನಾಲ್ಕು,” ಎಂದರು. ಅಧ್ಯಕ್ಷರು ಇನ್ನೂ ನೂರಾ ಎಂಬತ್ತರಲ್ಲಿದ್ದರು. ತಮ್ಮದು ಮುಗಿಸಿ ತಮಗೂ ಮುನ್ನೂರ ಹದಿನಾಲ್ಕೇ ಬಂದಾಗ ಬೈನಾಕ್ಯುಲರ್ ಇಳಿಸಿ ಆಕೆಯನ್ನು ಒಂದು ಅಪರೂಪದ ಹಕ್ಕಿಯನ್ನು ನೋಡುವಂತೆ ನೋಡಿದರು.

ಒಲೆಯ ಮುಂದೆ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ. ಫ್ರೀಜರ್ ಇದಕ್ಕಿಂತ ತಣ್ಣಗಿರುತ್ತದೆ. ಅಲ್ಲಿ ನಾಲ್ಕು ಗಂಟೆ ಬದುಕಿದ್ದು ಇಲ್ಲಿ ನಲವತ್ತು ನಿಮಿಷಕ್ಕೆ ಹೇಗೆ ಮಲಗಿತು? ಮೊಬೈಲ್ ತೆಗೆದು ಮನೆಗೆ ಫೋನ್ ಮಾಡಿದೆ.

“ಏನೇ, ನಮ್ಮ ಫ್ರೀಜರ್ ಸರಿಯಾಗಿದೆಯಾ ನೋಡು.”

“ದೋಣಿಯಿಂದ ಫೋನ್ ಮಾಡಿ ಫ್ರೀಜರ್ ಕೇಳ್ತೀರಲ್ಲ! ಐಸ್‌ಕ್ರೀಮು ಕಲ್ಲಿನ ಹಾಗಿದೆ. ಏನಾಯ್ತು?”

“ಆವತ್ತು ಮೆಷಿನ್ ಅದರಲ್ಲಿ ನಾಲ್ಕು ಗಂಟೆ ಇತ್ತಲ್ಲ?”

“ಇತ್ತು. ನೀವು ಹೇಳಿದ ಹಾಗೇ ನೋಡಿ ಬರೆದಿದೀನಿ. ಆದ್ರೆ ನೀವು ಹಾಗೇ ಬರಿಮೈಯಲ್ಲಿ ಇಟ್ಟು ಹೋಗಿದ್ರಿ. ಅಷ್ಟು ಬೆಲೆಯ ಸಾಮಾನು, ಥಂಡಿ ಹಿಡಿದುಬಿಟ್ರೆ? ನಮ್ಮಪ್ಪ ಬಂದಾಗ ಬಿಟ್ಟುಹೋದ ಮಂಕಿ ಕ್ಯಾಪ್ ಇತ್ತಲ್ಲ, ಅದರಲ್ಲಿ ಸುತ್ತಿಟ್ಟೆ.”

ನಾನು ನನ್ನ ತಲೆಯ ಮೇಲಿದ್ದ ಮಂಕಿ ಕ್ಯಾಪನ್ನು ಮುಟ್ಟಿ ನೋಡಿಕೊಂಡೆ.

“ಅಷ್ಟೇನಾ?”

“ಹೂಂ. ಕಾಲು ಗಂಟೆಗೊಂದು ಸಲ ಹೊರಗೆ ತೆಗೆದು ಸ್ಟೌ ಪಕ್ಕ ಸ್ವಲ್ಪ ಹೊತ್ತು ಇಡ್ತಿದ್ದೆ. ಒಂದು ಒಳಗೆ, ಒಂದು ಹೊರಗೆ. ಹೇಗೂ ಸಾಂಬಾರ್ ಕುದೀತಾ ಇತ್ತು. ಯಾಕ್ರೀ, ತಪ್ಪಾಯ್ತಾ?”

ಕೈಯಲ್ಲಿದ್ದ ಯಂತ್ರ ಕಣ್ಣು ಬಿಟ್ಟಿತು. ಬಾತುಕೋಳಿ ಹದಿನಾಲ್ಕು, ಕಾರ್ಡಿನಲ್ ಎರಡು, ಮಿಂಚುಳ್ಳಿ, ಇಲಿ. ಎಲ್ಲ ಇದ್ದಲ್ಲೇ ಇದ್ದವು. ಇನ್ನೊಂದೂ ಎದ್ದಿತು. ಮುನ್ನೂರ ಹದಿನಾಲ್ಕನ್ನೂ ಸೇರಿಸಿದೆ.

ಆಗ ನನ್ನ ಮುಂದೆ ಎರಡು ದಾರಿ ಇತ್ತು. ಹೊರಗೆ ಹೋಗಿ, ‘ಬ್ಯಾಟರಿ ಸಡಿಲವಾಗಿತ್ತು, ಸರಿಮಾಡಿದೆ’ ಎನ್ನಬಹುದಿತ್ತು. ಹತ್ತು ನಿಮಿಷಕ್ಕೊಮ್ಮೆ ಏನಾದರೂ ನೆಪ ತೆಗೆದು ಒಳಗೆ ಬಂದು ಕಾಯಿಸಿಕೊಂಡು ಹೋದರೆ ಇವತ್ತಿನ ದಿನ ಕಳೆಯುತ್ತಿತ್ತು, ಸಹಿ ಬೀಳುತ್ತಿತ್ತು. ಮುಂದಿನ ಚಳಿಗಾಲ ಸಂಘದ ವಯಸ್ಸಾದ ಸದಸ್ಯರು ಇದನ್ನು ಹಿಡಿದು ಒಲೆಯಿಲ್ಲದ ದೋಣಿಯಲ್ಲಿ ಕುಳಿತಿರುವಾಗ ನಾನು ಗ್ರೀನ್ ಕಾರ್ಡ್ ಇಟ್ಟುಕೊಂಡು ಮನೆಯಲ್ಲಿ ಬೆಚ್ಚಗಿರುತ್ತಿದ್ದೆ. ಇದು ನನ್ನ ಪ್ರಾಮಾಣಿಕತೆಯ ಕಥೆಯಲ್ಲ. ಆಮೇಲೆ ವರ್ಷಗಟ್ಟಲೆ ಅದನ್ನೇ ನೆನೆದು ಚಿಂತೆ ಮಾಡಬೇಕಾಗುತ್ತದಲ್ಲ ಎಂಬ ಚಿಂತೆ ಹೆಚ್ಚಾಯಿತು, ಅಷ್ಟೆ. ಫೋನನ್ನು ಕೆಳಗಿಡದೆ ಹೊರಗೆ ಬಂದೆ.

“ಸರ್, ನನ್ನ ವರದಿ ತಪ್ಪು. ‘ನಿರಂತರ’ ಎಂದು ಬರೆದಿದ್ದೇನೆ. ನಿರಂತರವಲ್ಲ.” ಸ್ವೆಟರ್ ಒಳಗೆ ಬೆವರುತ್ತ ಎಲ್ಲವನ್ನೂ ಹೇಳಿದೆ. ಕ್ಯಾಪ್, ಸ್ಟೌ, ಸಾಂಬಾರ್.

ಅಧ್ಯಕ್ಷರು ನಿಧಾನವಾಗಿ ನೋಟ್‌ಬುಕ್ಕಿನ ಹೊಸ ಹಾಳೆ ತಿರುವಿದರು. ಸಾಮಾನು ಕಟ್ಟುವ ರಟ್ಟಿನ ಡಬ್ಬ ಎಲ್ಲಿ ಸಿಗುತ್ತದೆ ಎಂಬುದರವರೆಗೆ ನನ್ನ ಯೋಚನೆ ಹೋಗಿತ್ತು.

“ಫ್ರೀಜರಿನಲ್ಲಿ ಎಷ್ಟು ನಿಮಿಷ, ಒಲೆ ಪಕ್ಕ ಎಷ್ಟು ನಿಮಿಷ?” ಎಂದು ಕೇಳಿದರು.

“ಅದು... ಅವಳಿಗೇ ಗೊತ್ತು.”

“ಲೈನಿನಲ್ಲಿದ್ದಾರಾ?” ಎಂದು ಕೈ ಚಾಚಿದರು.

ಮುಂದಿನ ಐದು ನಿಮಿಷ ನಾನು ಕೇಳಿಸಿಕೊಂಡದ್ದು ಒಂದು ಕಡೆಯ ಮಾತು ಮಾತ್ರ. “ಮ್ಯಾಡಂ, ಒಲೆಯಿಂದ ಎಷ್ಟು ದೂರ? ಒಂದು ಗೇಣು ಅಂದರೆ ಎಷ್ಟು ಇಂಚು? ... ಉಣ್ಣೆಯದಾ, ಅಕ್ರಿಲಿಕ್ಕಾ? ... ಒಂದು ಪದರವೋ ಎರಡೋ? ... ಇಲ್ಲ ಇಲ್ಲ, ಅವರ ಮೇಲೆ ಕೋಪ ಇಲ್ಲ. ... ಹೌದು, ಊಟ ತಂದಿದ್ದಾರೆ ಅನ್ನಿಸುತ್ತದೆ. ... ಕ್ಯಾಪ್ ಹಾಕಿಕೊಂಡಿದ್ದಾರೆ.” ನಡುನಡುವೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಫೋನ್ ವಾಪಸು ಕೊಡುತ್ತ, “ನಿಮ್ಮ ಕಂಪನಿಯಲ್ಲಿ ಟೆಸ್ಟ್ ಮಾಡಿದವರು ಇವರೊಬ್ಬರೇ,” ಎಂದರು. “ನಿಮ್ಮ ಕ್ಯಾಪ್ ಕೊಡಿ.”

ಕೊಟ್ಟೆ. ಯಂತ್ರವನ್ನು ಅದರೊಳಗೆ ಇಳಿಸಿದರು. ಮುಖ ಇರಬೇಕಾದ ಜಾಗದಲ್ಲಿ ಸ್ಕ್ರೀನ್ ಸರಿಯಾಗಿ ಕೂತಿತು, ಅಳತೆ ಕೊಟ್ಟು ಹೊಲಿಸಿದಂತೆ. ಹೊರಗೆ ಹದಿನೈದು ನಿಮಿಷ ಒಂದು, ಒಲೆಯಿಂದ ಒಂದು ಗೇಣು ದೂರದಲ್ಲಿ ಇನ್ನೊಂದು. ಆಮೇಲೆ ಅದಲು ಬದಲು. ಒಳಗೂ ಹೊರಗೂ ಓಡುವ ಕೆಲಸ ನನ್ನದು. ನನ್ನ ಕಿವಿಗಳು ಮೊದಲು ಉರಿದವು, ಆಮೇಲೆ ಅವು ಇವೆ ಎಂಬುದೇ ಮರೆತುಹೋಯಿತು.

“ನಿಮ್ಮ ಕಿವಿ ಟೊಮೇಟೊ ಆಗ್ಯಾವ್ರಿ ಸರ,” ಎಂದು ಸಹೋದ್ಯೋಗಿ ತಮ್ಮ ಮಫ್ಲರ್ ಕೊಟ್ಟರು. “ಮಷೀನಿಗೆ ಬೆಚ್ಚಗ, ಮನಶ್ಯಾಗ ಥಂಡಿ. ಚಲೋ ಪ್ರಾಜೆಕ್ಟ್ ಹಿಡದ್ವಿ.”

ಆಮೇಲಿನ ಎರಡು ಗಂಟೆ ಯಂತ್ರ ಒಮ್ಮೆಯೂ ಮಲಗಲಿಲ್ಲ. ಜಿಂಕೆ ಐದು. ತಲೆಗೆ ಬಿಳಿ ಬೀಸಣಿಗೆ ಸಿಕ್ಕಿಸಿಕೊಂಡಂಥ ಪುಟ್ಟ ಬಾತು ಏಳು. ಒಂದು ಬೋಳು ಮರದ ತುದಿಯಲ್ಲಿ ಬಿಳಿ ತಲೆಯ ಹದ್ದು. ಅಧ್ಯಕ್ಷರು ಅದರ ಹೆಸರು ಹೇಳುವಾಗ ಪಿಸುಮಾತೂ ಹೊರಡಲಿಲ್ಲ, ತುಟಿ ಮಾತ್ರ ಆಡಿತು.

ಗಣತಿಯ ಕೊನೆಯ ಕಾಲು ಮೈಲಿಯಲ್ಲಿ ಮನೆಗಳ ಹಿತ್ತಿಲುಗಳು ಕಾಲುವೆಯವರೆಗೆ ಇಳಿದಿದ್ದವು. ಅಲ್ಲಿ, ದೂರದ ಒಣ ಜೊಂಡಿನ ನಡುವೆ, ಅದನ್ನು ಮೊದಲು ಕಂಡವನು ನಾನು. ನೀಲಿ ಕೊಕ್ಕರೆ. ಕತ್ತು ಬಾಗಿಸಿ, ಒಂದು ಕಾಲು ತುಸು ಎತ್ತಿ ನಿಂತಿತ್ತು. ಅಧ್ಯಕ್ಷರ ತೋಳು ಮುಟ್ಟಿ ತೋರಿಸಿದೆ. ಅವರು ಹಿಂದಕ್ಕೆ ಕೈ ಬೀಸಿದರು, ಯಜಮಾನಿ ಮೋಟಾರು ನಿಲ್ಲಿಸಿದರು. ಐದು ನಿಮಿಷ ಯಾರೂ ಅಲುಗಲಿಲ್ಲ, ಕೊಕ್ಕರೆಯೂ ಅಲುಗಲಿಲ್ಲ.

“ಇಂಥ ತಾಳ್ಮೆ ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ,” ಎಂದು ಅಧ್ಯಕ್ಷರು ಉಸುರಿದರು. “ಬರೆದುಕೊಳ್ಳಿ. ಒಂದು. ಷರಾ: ಬೇಟೆಯಲ್ಲಿ ತಲ್ಲೀನ.”

ಬರೆದುಕೊಂಡೆ. ಅಲ್ಲೇ ನಿಂತು ಲೆಕ್ಕ ತಾಳೆ ನೋಡಿದೆವು. ಅವರು ನೋಟ್‌ಬುಕ್ಕಿನಿಂದ ಒಂದೊಂದನ್ನೇ ಓದಿದರು, ನಾನು ಮಂಕಿ ಕ್ಯಾಪಿನೊಳಗಿಂದ ಒಂದೊಂದನ್ನೇ ಓದಿದೆ. ಇಪ್ಪತ್ಮೂರು ಜಾತಿ, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಅಧ್ಯಕ್ಷರು ಕಾಗದವನ್ನು ದೋಣಿಯ ಮಾಡಿನ ಮೇಲಿಟ್ಟು, ‘ಉಣ್ಣೆಯ ಕ್ಯಾಪ್ ಹಾಗೂ ಕಾಯಿಸುವ ವೇಳಾಪಟ್ಟಿ ಸಮೇತ ಒಪ್ಪಿದೆ’ ಎಂದು ಕೈಯಿಂದ ಬರೆದು ಸಹಿ ಮಾಡಿದರು. ಆ ಕಾಗದವನ್ನು ಮಡಚಿ ಎರಡನೇ ಸ್ವೆಟರಿನ ಒಳಗಿಟ್ಟುಕೊಂಡೆ. ಅಮೆರಿಕಕ್ಕೆ ಬಂದಮೇಲೆ ಮೊದಲ ಸಲ ನನಗೆ ಚಿಂತೆ ಮಾಡಲು ಏನೂ ಹೊಳೆಯಲಿಲ್ಲ.

ಇಷ್ಟುದ್ದದ ದೋಣಿ ಅಲ್ಲಿ ತಿರುಗುವಂತಿರಲಿಲ್ಲ. ಮುಂದೆ ಕಾಲುವೆ ಅಗಲವಾಗುವಲ್ಲಿಗೆ ಹೋಗಿಯೇ ತಿರುಗಬೇಕು. ಕೊಕ್ಕರೆಯ ಬೇಟೆಗೆ ಭಂಗ ಬರುತ್ತದಲ್ಲ ಎಂದು ಅಧ್ಯಕ್ಷರು ನೊಂದುಕೊಂಡರು. ಮೆಲ್ಲಗೆ ಹೊರಟೆವು. ಮೂವತ್ತು ಅಡಿ, ಅದು ಹಾರಲಿಲ್ಲ. ಹದಿನೈದು ಅಡಿ, ಹಾರಲಿಲ್ಲ.

“ಸರ,” ಎಂದರು ಸಹೋದ್ಯೋಗಿ ನನ್ನ ಕಿವಿಯ ಹತ್ತಿರ. “ಅದರ ಕಾಲಾಗ ಕಬ್ಬಿಣದ ಸಳಿ ಐತ್ರಿ.”

“ಸುಮ್ಮನಿರಿ.”

“ಹೊಟ್ಟಿ ಮ್ಯಾಲ ಜೋಡಿಸಿದ್ ಗೆರಿ ಕಾಣಾಕತ್ತೇತ್ರಿ.”

“ದಯವಿಟ್ಟು ಸುಮ್ಮನಿರಿ ಅಂದೆನಲ್ಲ.”

ಅಧ್ಯಕ್ಷರು ಆರು ಅಡಿ ದೂರದಲ್ಲಿದ್ದ ಕೊಕ್ಕರೆಯನ್ನು ಬೈನಾಕ್ಯುಲರಿನಲ್ಲಿ ನೋಡಿದರು. ಇಳಿಸಿ ಬರಿಗಣ್ಣಿನಲ್ಲಿ ನೋಡಿದರು. ದೋಣಿಯ ಹಿಂದಿನ ತುದಿ ಅದರ ಪಕ್ಕಕ್ಕೆ ಬಂದಾಗ ಯಜಮಾನಿ ಚುಕ್ಕಾಣಿ ಬಿಡದೆ ಕೂಗಿ ಹೇಳಿದರು: “ಅದಾ? ನಿಜವಾದ ಕೊಕ್ಕರೆ ಮೀನು ಕದಿಯದಿರಲಿ ಅಂತ ಆ ಮನೆಯವರು ತಮ್ಮ ಮೀನಿನ ಕೊಳಕ್ಕೆ ತಂದಿಟ್ಟ ಪ್ಲಾಸ್ಟಿಕ್ ಬೊಂಬೆ. ಗಾಳಿಗೆ ಉರುಳಿ ಇಲ್ಲಿಗೆ ಬಂತು, ಯಾರೋ ಎತ್ತಿ ನಿಲ್ಲಿಸಿದರು. ಮೂರು ತಿಂಗಳಾಯಿತು!”

ದೋಣಿ ಅಗಲದ ಜಾಗಕ್ಕೆ ಹೋಗಿ ತಿರುಗಿತು. ಅಧ್ಯಕ್ಷರು ನೋಟ್‌ಬುಕ್ ತೆರೆದು ಪೆನ್ಸಿಲನ್ನು ಆ ಸಾಲಿನ ಮೇಲೆ ಹಿಡಿದರು. ಆಮೇಲೆ ನನ್ನ ಕಡೆ ನೋಡಿ, ಮುನ್ನೂರ ಹದಿನಾಲ್ಕು ಹೆಬ್ಬಾತನ್ನು ಎಣಿಸಿದ ದನಿಯಲ್ಲೇ, “ನಿಮ್ಮ ಯಂತ್ರದಲ್ಲಿ ಒಂದು ದಾಖಲೆ ಅಳಿಸುವುದು ಹೇಗೆ?” ಎಂದು ಕೇಳಿದರು.

“ಅಳಿಸಲು ಬರುವುದಿಲ್ಲ ಸರ್,” ಎಂದೆ. “ಒಮ್ಮೆ ಬರೆದದ್ದನ್ನು ಯಾರೂ ತಿದ್ದಬಾರದು, ಅಧ್ಯಕ್ಷರೂ ತಿದ್ದಬಾರದು ಎಂದು ಒಪ್ಪಂದದಲ್ಲಿ ನೀವೇ ಬರೆಸಿದ್ದಿರಿ.”

ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಅವರು ನೋಟ್‌ಬುಕ್ ಮುಚ್ಚಿದರು. ಆ ಚಳಿಗಾಲದ ಗಣತಿಯಲ್ಲಿ ಅದು ಇಂದಿಗೂ ಇದೆ. ನೀಲಿ ಕೊಕ್ಕರೆ, ಒಂದು, ಬೇಟೆಯಲ್ಲಿ ತಲ್ಲೀನ.